ಫುಲ್ಮನಿಗೆ ನಾನು ಓದಿ ಹೇಳಿದ್ದು

ನಮ್ಮ ಇಗರ್ಜಿಯ, ಎಂದರೆ ಚರ್ಚಿನ, ತಿಂಗಳ ಪತ್ರಿಕೆಗೆ ನಾಲ್ಕೇ ಪುಟ. ಎರಡು ಕೊಂಕಣಿ, ಎರಡು ಕನ್ನಡ. ಕನ್ನಡದ ಪುಟಗಳು ನನ್ನವು. ಹೊನ್ನಾವರದಲ್ಲಿ ಮೂವತ್ತಾರು ವರ್ಷ ಕನ್ನಡ ಶಾಲೆಯ ಮಕ್ಕಳಿಗೆ ಪಾಠ ಹೇಳಿದ ಪಿಯೆದಾದ್ ಲೋಪಿಸ್ ಬಾಯೋರು ಇರುವಾಗ ಇನ್ನೊಬ್ಬರು ಯಾಕೆ ಬರೆಯಬೇಕು ಎಂದು ಎಲ್ಲರೂ ಸುಮ್ಮನಿದ್ದರು. ಸುಮ್ಮನಿರದ ಒಬ್ಬಿಬ್ಬರನ್ನು ನಾನೇ ಸುಮ್ಮನಿರಿಸಿದೆ. ನನ್ನ ಬಾಯಿಗೆ ಫಾದರ್ ಕೂಡ ಸ್ವಲ್ಪ ಹೆದರುತ್ತಾರೆ ಎಂಬುದು ನನಗೆ ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೆ ಖುಷಿಯೂ ಇತ್ತು.

ನನ್ನ ಪುಟಗಳಲ್ಲಿ ಎರಡು ಅಂಕಣ. ಒಂದು 'ನಮ್ಮ ಮನೆಗಳು'. ಜ್ಞಾನಸ್ನಾನ, ಮದುವೆ, ಸಾವು ಎಲ್ಲ ಅಲ್ಲಿ. ಮಗುವಿನ ಹೆಸರು, ತಂದೆ ತಾಯಿ, ಎರಡೂ ಕಡೆಯ ಅಜ್ಜ ಅಜ್ಜಿ, ಕೇರಿ ಇಷ್ಟೂ ಬರಲೇಬೇಕು. ಒಬ್ಬ ಅಜ್ಜಿಯ ಹೆಸರು ಬಿಟ್ಟುಹೋದರೆ ಭಾನುವಾರ ಪೂಜೆ ಮುಗಿಯುವುದನ್ನೇ ಕಾದು ಜಗಳಕ್ಕೆ ಬರುತ್ತಾರೆ. ಇನ್ನೊಂದು ಅಂಕಣ 'ನಮ್ಮ ಸೇವೆ'. ಕಂಬಳಿ ಹಂಚಿದ್ದು, ರೋಗಿಗಳನ್ನು ಕಂಡು ಬಂದದ್ದು ಅಲ್ಲಿ. ಆ ಅಂಕಣದಲ್ಲಿ ಕೊಟ್ಟವರ ಹೆಸರು ಹಾಕುತ್ತೇವೆ, ತೆಗೆದುಕೊಂಡವರದು ಹಾಕುವುದಿಲ್ಲ. ಈ ಕ್ರಮ ನಾನು ಮಾಡಿದ್ದಲ್ಲ. ಆದರೆ ಒಂದು ದಿನವೂ ಇದು ಯಾಕೆ ಹೀಗೆ ಎಂದು ನಾನು ಕೇಳಿದವಳಲ್ಲ.

ಫುಲ್ಮನಿ ಮತ್ತು ಅವಳ ಗಂಡ ಮರಿಯಾನುಸ್ ಜಾರ್ಖಂಡದವರು. ಅವನು ಬಂದರಿನ ಐಸ್ ಫ್ಯಾಕ್ಟರಿಯಲ್ಲಿ, ಅವಳು ಸಿಗಡಿ ಸುಲಿಯುವಲ್ಲಿ. ಮೊದಲು ಭಟ್ಕಳದಲ್ಲಿದ್ದರು, ಆಮೇಲೆ ಕುಮಟಾದಲ್ಲಿ. ಮೂರು ವರ್ಷದಿಂದ ನಮ್ಮ ಕೇರಿಯ ಕೊನೆಯಲ್ಲಿ, ಹೊನ್ನಮ್ಮನ ಬಾಡಿಗೆ ಕೋಣೆಗಳಲ್ಲಿ ಒಂದರಲ್ಲಿ ಇದ್ದಾರೆ. ಭಾನುವಾರ ತಪ್ಪದೆ ಪೂಜೆಗೆ ಬಂದು ಹಿಂದಿನ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಬೆಂಚಿನಲ್ಲಿ ಜಾಗ ಇದ್ದರೂ ಅವರು ನಿಂತೇ ಇರುತ್ತಿದ್ದರು, ಬನ್ನಿ ಕೂತ್ಕೊಳ್ಳಿ ಎಂದು ನಾವೂ ಹೇಳುತ್ತಿರಲಿಲ್ಲ. ಫುಲ್ಮನಿ ಜೊತೆಯ ಹೆಂಗಸರಿಂದ ನಮ್ಮ ಕಡೆಯ ಕನ್ನಡ ಮಾತಾಡಲು ಕಲಿತಿದ್ದಳು. ಓದಲು ಬರುತ್ತಿರಲಿಲ್ಲ.

ಅವರಿಗೆ ಒಬ್ಬ ಮಗಳು; ಅವಳ ನಂತರ ಹುಟ್ಟಿದ ಗಂಡುಮಗುವಿಗೆ ಜನವರಿಯಲ್ಲಿ ಜ್ಞಾನಸ್ನಾನವಾಯಿತು. ಊರಿನವರು ಯಾರೂ ಇಲ್ಲದ್ದರಿಂದ ಮಗುವಿನ ಜ್ಞಾನಮಾತೆಯಾಗಿ, ಎಂದರೆ ಧರ್ಮತಾಯಿಯಾಗಿ, ನೀವು ನಿಲ್ಲಿ ಎಂದು ಫಾದರ್ ನನಗೆ ಹೇಳಿದರು. ನಿಂತೆ. ಮಗುವನ್ನು ಎತ್ತಿಕೊಂಡೆ. ಅದು ನನ್ನ ಕನ್ನಡಕ ಎಳೆಯಿತು. ಅವರು ಅದಕ್ಕೆ ಅನ್ಸೆಲ್ಮ್ ಎಂದು ಹೆಸರಿಟ್ಟರು. ಅದು ತೀರಿಹೋದ ಅಜ್ಜನ ಹೆಸರು, ಊರಿನ ಇಗರ್ಜಿಯಲ್ಲಿ ಮಕ್ಕಳಿಗೆ ಜಪ ಕಲಿಸುತ್ತಿದ್ದವರಂತೆ ಅವರು.

ಸುದ್ದಿ ಬರೆಯುವಾಗ ನನ್ನ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ಇಗರ್ಜಿಗೆ ಸೇರಿದ ಮನೆಗಳ ಕೇರಿಯ ಪಟ್ಟಿಯಲ್ಲಿ ಅವರ ಮನೆ ಇರಲಿಲ್ಲ. ಆದ್ದರಿಂದ 'ನಮ್ಮ ಸೇವೆ'ಯಲ್ಲಿ ಬರೆದೆ: "ಜಾರ್ಖಂಡದ ಬಡ ವಲಸೆ ಕಾರ್ಮಿಕರೊಬ್ಬರ ಮಗುವಿಗೆ ಜ್ಞಾನಸ್ನಾನ ನೀಡಲಾಯಿತು. ಮಹಿಳಾ ಸಂಘದ ಪಿಯೆದಾದ್ ಲೋಪಿಸ್ ಅವರು ಜ್ಞಾನಮಾತೆಯಾಗಿ ನಿಂತು ಸಹಕರಿಸಿದರು."

ಬಜಾರಿನಲ್ಲಿ ಟೈಪ್ ಮಾಡಿ ಕೊಡುವ ಮಾಬ್ಲೇಶ್ವರ ಕೇಳಿದ್ದ. "ಬಾಯೋರೆ, ಮಗಿನ ಹೆಸ್ರು ಹಾಕುದಿಲ್ವಾ?"

"ಹೆಸ್ರು ಎಂತಕ್ಕೆ? ಜಾಗ ಇಲ್ಲ," ಎಂದೆ.

ಪುಟದ ಕೆಳಗೆ ಮೂರು ಸಾಲು ಜಾಗ ಉಳಿಯಿತು. ಅಲ್ಲಿ ಪ್ರೀತಿಯ ಬಗ್ಗೆ ಒಂದು ನುಡಿಮುತ್ತು ಹಾಕಿಸಿದೆ.

ಪತ್ರಿಕೆ ಹಂಚಿದ ಮರುದಿನ ಸಂಜೆ ಫುಲ್ಮನಿ ನನ್ನ ಮನೆಯ ಜಗಲಿಗೆ ಬಂದಳು. ಮಗು ಸೊಂಟದಲ್ಲಿ, ಕೈಯಲ್ಲಿ ಮಡಿಕೆ ಬೀಳದಂತೆ ಹಿಡಿದ ಪತ್ರಿಕೆ. ಕೆಲಸದಿಂದ ಬಂದು ಮುಖ ತೊಳೆದು ಬೇರೆ ಸೀರೆ ಉಟ್ಟಿದ್ದಳು.

"ಬಾಯೋರೆ, ಇದ್ರಲ್ಲಿ ನಮ್ದು ಬಂದಿದೆ ಅಂತ ಹೊನ್ನಮ್ಮ ಹೇಳ್ತು. ಎಂತ ಬರ್ದಿದ್ರಿ? ಓದಿ ಹೇಳಿ."

ಓದಲು ಬಾಯಿ ತೆರೆದೆ. 'ಜಾರ್ಖಂಡದ ಬಡ' ಎಂಬಲ್ಲಿಗೆ ಕಣ್ಣು ಹೋಯಿತು. ಅವಳು ಮಗುವಿನ ತಲೆಗೂದಲು ಸರಿಮಾಡಿ, ಅದರ ಮುಖವನ್ನು ನನ್ನ ಕಡೆಗೆ ತಿರುಗಿಸಿದಳು, ಅದೂ ಕೇಳಲಿ ಎಂಬಂತೆ. ನಾನು ಕನ್ನಡಕ ಒರೆಸಿಕೊಂಡು, ಅಲ್ಲಿ ಇಲ್ಲದ್ದನ್ನು ಓದಿದೆ.

"ನಮ್ಮ ಕೇರಿಯ ಮರಿಯಾನುಸ್ ಮತ್ತು ಫುಲ್ಮನಿ ಕುಜೂರ್ ಅವರ ಮಗ, ದಿವಂಗತ ಅನ್ಸೆಲ್ಮ್ ಕುಜೂರ್ ಅವರ ಮೊಮ್ಮಗ, ಅನಿಮಾಳ ತಮ್ಮ ಅನ್ಸೆಲ್ಮನಿಗೆ ಜ್ಞಾನಸ್ನಾನವಾಯಿತು. ದೇವರು ಈ ಕುಟುಂಬವನ್ನು ಆಶೀರ್ವದಿಸಲಿ."

ಎಷ್ಟು ಸಲೀಸಾಗಿ ಬಂತು. ಬರೆಯುವಾಗ ಬಾರದ್ದು ಸುಳ್ಳು ಹೇಳುವಾಗ ಬಂತು. ನನಗೆ ಎಲ್ಲರ ಹೆಸರೂ ಗೊತ್ತಿತ್ತು ಎಂಬುದು ಆ ಹೊತ್ತಿಗೆ ನನಗೇ ಗೊತ್ತಾಯಿತು.

ಫುಲ್ಮನಿ ಇನ್ನೊಮ್ಮೆ ಓದಿಸಿದಳು. ಎರಡನೆಯ ಸಲ ತುಟಿ ಅಲುಗಿಸುತ್ತ ಜೊತೆಗೆ ಹೇಳಿಕೊಂಡಳು. "ಅತ್ತೆಗೆ ಫೋನಲ್ಲಿ ಫೋಟೋ ಕಳ್ಸ್ತೆ," ಎಂದಳು. "ಮೂರು ಊರು ತಿರುಗಿದ್ರಿ, ಯಾವ ಇಗರ್ಜಿಯಲ್ಲೂ ನಿಮ್ಮ ಹೆಸ್ರು ಇಲ್ಲ, ಸತ್ರೆ ಯಾರು ಗಂಟೆ ಹೊಡೀತ್ರು ಅಂತ ಅಳ್ತದೆ ಅದು. ಮಗನ ಹೆಸ್ರು ಎಲ್ಲಿದೆ? ಅಡಿಗೆ ಒಂದು ಗೆರೆ ಎಳೀರಿ. ಅತ್ತೆ ನೋಡ್ಲಿ."

ಆ ಎರಡು ಸಾಲಿನಲ್ಲಿ ಹೆಸರು ಎಂದು ಇದ್ದದ್ದು ಒಂದೇ, ನನ್ನದು. ಮೇಜಿನ ಮೇಲೆ ಕೆಂಪು ಪೆನ್ನು ಇತ್ತು, ಮಕ್ಕಳ ತಪ್ಪು ತಿದ್ದುವ ಕಾಲದ ಅಭ್ಯಾಸ. ಅದರಿಂದ 'ಪಿಯೆದಾದ್ ಲೋಪಿಸ್' ಕೆಳಗೆ ನೇರವಾಗಿ ಗೆರೆ ಎಳೆದೆ. ಅವಳು ಬೆರಳಿನಿಂದ ಆ ಗೆರೆಯನ್ನು ಮುಟ್ಟಿದಳು. ಆಮೇಲೆ ಮಗುವಿನ ಬೆರಳು ಹಿಡಿದು ಅದರಿಂದಲೂ ಮುಟ್ಟಿಸಿದಳು.

ಅವಳು ಹೋದಳು. ಮುಂದಿನ ಸಂಚಿಕೆಯಲ್ಲಿ ಸರಿಮಾಡುತ್ತೇನೆ ಎಂದುಕೊಂಡೆ. ಮುಂದಿನ ಸಂಚಿಕೆ ಬಂತು. ಕೇರಿಯ ಪಟ್ಟಿಯಲ್ಲಿ ಇಲ್ಲದವರನ್ನು ಹೇಗೆ ಹಾಕಿದಿರಿ ಎಂದು ಪತ್ರಿಕೆಯ ಸಮಿತಿಯವರು ಕೇಳಿದರೆ? ತಿದ್ದುಪಡಿ ಹಾಕಿದರೆ ಫುಲ್ಮನಿಗೆ ಯಾರಾದರೂ ಹೇಳಿಬಿಟ್ಟರೆ? ನೆಪಗಳಿಗೆ ನನ್ನಲ್ಲಿ ಕೊರತೆ ಇರಲಿಲ್ಲ. ಎಂಟು ಸಂಚಿಕೆ ಹಾಗೇ ಹೋಯಿತು. ಮಾಡಿದ್ದು ಇಷ್ಟೇ: ಮಳೆಗಾಲದಲ್ಲಿ ಒಂದು ದಿನ ಕೇರಿಯ ಮುಖ್ಯಸ್ಥ ಇನಾಸ್ ಬಳಿ ಹೋಗಿ ಜೋರು ಮಾಡಿ ಅವರ ಮನೆಯನ್ನು ಪಟ್ಟಿಗೆ ಸೇರಿಸಿದೆ. ಅಲ್ಲಿಗೆ ನನ್ನ ಪಾಪ ತೀರಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅದರಿಂದಲೇ ಸಿಕ್ಕಿಬಿದ್ದೆ. ಅಕ್ಟೋಬರಿನಲ್ಲಿ ಮರಿಯಮ್ಮನವರ ಪ್ರತಿಮೆ ಕೇರಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಪಟ್ಟಿಯಲ್ಲಿದ್ದ ಪ್ರತಿ ಮನೆಯಲ್ಲೂ ಒಂದು ಸಂಜೆ ಜಪಸರ, ಕೇರಿಯವರೆಲ್ಲ ಅಲ್ಲಿ ಸೇರಬೇಕು. ಹದಿನಾಲ್ಕನೆಯ ಸಂಜೆ ಫುಲ್ಮನಿಯ ಮನೆಯ ಸರದಿ.

ಒಂದೇ ಕೋಣೆಯಲ್ಲಿ ನಾವು ಹದಿನೇಳು ಜನ. ಹೊನ್ನಮ್ಮ ತನ್ನ ಮನೆಯ ಕುರ್ಚಿಗಳನ್ನು ತಂದು ಹಾಕಿದ್ದಳು. ಪ್ರತಿಮೆಗೆ ಚೆಂಡುಹೂವಿನ ಮಾಲೆ. ಅದರ ಹಿಂದೆ, ಗೋಡೆಯ ನಟ್ಟನಡುವೆ, ಲ್ಯಾಮಿನೇಟ್ ಮಾಡಿಸಿದ ನನ್ನ ಪುಟ. ಕೆಂಪು ಗೆರೆ ಬಾಗಿಲಲ್ಲಿ ನಿಂತರೂ ಕಾಣುತ್ತಿತ್ತು. ನನ್ನ ಕಾಲು ಅಲ್ಲೇ ನಿಂತಿತು. "ಬನ್ನಿ ಬಾಯೋರೆ, ಮುಂದೆ ಬನ್ನಿ," ಎಂದು ಫುಲ್ಮನಿ ನನ್ನ ಕೈ ಹಿಡಿದು ಪ್ರತಿಮೆಯ ಪಕ್ಕದ ಕುರ್ಚಿಯಲ್ಲೇ ಕೂರಿಸಿದಳು.

ಜಪ ಶುರುವಾಗುವ ಮೊದಲು ಅವಳು ಮಗಳನ್ನು ಕರೆದಳು. ಅನಿಮಾ ಎರಡನೆಯ ತರಗತಿ, ನಾನು ಕಲಿಸಿದ ಶಾಲೆಯಲ್ಲೇ.

"ಇದು ಈಗ ಕನ್ನಡ ಓದ್ತದೆ," ಎಂದು ಫುಲ್ಮನಿ ಎಲ್ಲರಿಗೂ ಹೇಳಿದಳು. "ಅನಿಮಾ, ತಮ್ಮನ ಹೆಸ್ರು ಓದು. ಕೆಂಪು ಗೆರೆ ಇದ್ದದ್ದು."

ಹುಡುಗಿ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟಳು. ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ, ಅಕ್ಷರ ಬಿಡಿಸಿ ಓದಿದಳು. "ಪಿ... ಯೆ... ದಾದ್. ಲೋ... ಪಿಸ್."

ಫುಲ್ಮನಿ ನಕ್ಕಳು. "ಅದಲ್ಲ. ತಮ್ಮಂದು ಓದು."

"ಇಲ್ಲಿ ಇದೇ ಬರ್ದದ್ದು ಅಮ್ಮಾ."

"ಸರಿ ಓದು."

ಅನಿಮಾ ಮೇಲಿನ ಸಾಲಿಗೆ ಹೋದಳು. "ಜಾ... ರ್ಖಂಡದ... ಬಡ... ವಲಸೆ..."

ಫುಲ್ಮನಿ ಅವಳ ತಲೆಗೆ ಒಂದು ಕೊಟ್ಟಳು. ಜೋರಾಗಿ ಅಲ್ಲ, ಜನರ ಮುಂದೆ ನಾಚಿಕೆಯಾದ ತಾಯಿ ಕೊಡುವಂಥದ್ದು. "ಬಾಯೋರು ಓದಿ ಹೇಳಿದ್ದು ನಿನಗೆ ನೂರು ಸಲ ಹೇಳ್ಳಿಲ್ವಾ? ನಮ್ಮ ಕೇರಿಯ ಮರಿಯಾನುಸ್ ಮತ್ತು ಫುಲ್ಮನಿ ಕುಜೂರ್ ಅವರ ಮಗ..." ಎಂದು ಪೂರ್ತಿ ಹೇಳಿದಳು, ಆಶೀರ್ವಾದದ ತನಕ, ಒಂದು ಪದ ತಪ್ಪದೆ. ಎಂಟು ತಿಂಗಳು ಅವಳು ಅದನ್ನು ಜಪದ ಹಾಗೆ ಹೇಳಿಕೊಂಡಿದ್ದಳು.

ಕೇರಿಯವರೆಲ್ಲ ಗೋಡೆಯ ಕಡೆ ನೋಡಿದರು. ಅವರಿಗೆಲ್ಲ ಓದಲು ಬರುತ್ತಿತ್ತು. ಇನಾಸ್ ನನ್ನ ಮುಖ ನೋಡಿ, ಕೆಮ್ಮಿ, "ಆತು ಬಿಡಿ, ಸಣ್ಣ ಮಗು, ಕಲೀತದೆ. ಜಪ ಶುರು ಮಾಡುವಾ," ಎಂದ. ನನಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟ ಅವನು. ಒಳ್ಳೆಯ ಮನುಷ್ಯ. ಆ ದಾರಿ ಹಿಡಿಯಬೇಕೆಂದು ನನ್ನ ಜೀವ ಒದ್ದಾಡಿತು ಎಂದು ಹೇಳಿದರೆ ನನಗೆ ಈಗಲೂ ನಾಚಿಕೆ.

ಅನಿಮಾ ತಲೆ ಉಜ್ಜಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. "ಬಾಯೋರೆ, ನಾನು ತಪ್ಪು ಓದಿದ್ನಾ?"

ಮೂವತ್ತಾರು ವರ್ಷ ಎಷ್ಟು ಮಕ್ಕಳು ನನ್ನನ್ನು ಹೀಗೆ ಕೇಳಿದ್ದಾರೆ. ಒಬ್ಬರಿಗೂ ನಾನು ಸುಳ್ಳು ಉತ್ತರ ಕೊಟ್ಟಿರಲಿಲ್ಲ.

"ಇಲ್ಲ," ಎಂದೆ. "ನೀನು ಓದಿದ್ದು ಸರಿ. ತಪ್ಪು ಓದಿದ್ದು ನಾನು."

ಫುಲ್ಮನಿ ನನ್ನ ಕಡೆ ತಿರುಗಿದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. "ಹಾಗಾದ್ರೆ ಇದ್ರಲ್ಲಿ ಅನ್ಸೆಲ್ಮನ ಹೆಸ್ರು ಎಲ್ಲಿದೆ?"

"ಇಲ್ಲ. ನಾನು ಹಾಕಿರ್ಲಿಲ್ಲ. ಗೆರೆ ಎಳೆದದ್ದು ನನ್ನ ಹೆಸ್ರಿಗೆ."

ಅವಳು ಗೋಡೆಯನ್ನು ನೋಡಿದಳು. ಬಾಗಿಲ ಬಳಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಮರಿಯಾನುಸ್‌ನನ್ನು ನೋಡಿದಳು. ಅವನು ತಲೆ ತಗ್ಗಿಸಿದ, ತಪ್ಪು ತಾನೇ ಮಾಡಿದವನ ಹಾಗೆ. "ಅತ್ತೆ ಅದ್ನ ಊರ ಇಗರ್ಜಿಯಲ್ಲಿ ಎಲ್ರಿಗೂ ತೋರ್ಸಿದೆ," ಎಂದಳು ಫುಲ್ಮನಿ, ನನಗೆ ಅಲ್ಲ, ಯಾರಿಗೂ ಅಲ್ಲ. ಆಮೇಲೆ ಮಗಳನ್ನು ಹತ್ತಿರ ಎಳೆದು, ತಾನು ಹೊಡೆದ ಜಾಗವನ್ನು ಅಂಗೈಯಿಂದ ಸವರಿದಳು. ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೇಣದಬತ್ತಿ ಹಚ್ಚಿ, "ಶುರು ಮಾಡಿ," ಎಂದು ಇನಾಸ್‌ಗೆ ಹೇಳಿದಳು. ಜಪ ಮುಗಿದ ಮೇಲೆ ಎಲ್ಲರಿಗೂ ಚಾ ಕೊಟ್ಟಳು, ನನಗೂ. ಪೂರ್ತಿ ಕುಡಿದೆ.

ನವೆಂಬರ್ ಸಂಚಿಕೆಯಲ್ಲಿ 'ನಮ್ಮ ಮನೆಗಳು' ಅಂಕಣದ ಮೊದಲ ಸುದ್ದಿ ಅನ್ಸೆಲ್ಮನದು. ಎರಡೂ ಕಡೆಯ ಅಜ್ಜ ಅಜ್ಜಿಯ ಹೆಸರನ್ನು ಮರಿಯಾನುಸ್‌ನಿಂದ ಕೇಳಿ ಬರೆದುಕೊಂಡೆ. ಕೆಳಗೆ, ಫೆಬ್ರುವರಿಯಲ್ಲಿ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದು ನನ್ನ ಹೆಸರು ಹಾಕಿದೆ. ಇಷ್ಟೆಲ್ಲ ಬೇಕಿತ್ತಾ ಎಂದು ಸಮಿತಿಯವರು ಕೇಳಿದರು. ಬೇಕು ಎಂದೆ. ಜೋರು ಮಾಡಲಿಲ್ಲ.

ಪತ್ರಿಕೆ ಬಂದ ದಿನವೇ ಮಧ್ಯಾಹ್ನ ಅವಳ ಮನೆಗೆ ಹೋದೆ. ಅವಳಿಗೆ ಅಂದು ಕೆಲಸ ಇರಲಿಲ್ಲ, ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮಗು ಚಾಪೆಯ ಮೇಲೆ ಮಲಗಿತ್ತು. ಗೋಡೆಯ ನಡುವಿನ ಜಾಗ ಖಾಲಿ.

"ಫುಲ್ಮನಿ, ಈ ಸಲ ಸರಿಯಾಗಿ ಹಾಕಿದ್ದೇನೆ," ಎಂದೆ. "ಓದಿ ಹೇಳ್ಲಾ?"

ಅವಳು ಮೊರವನ್ನು ಬದಿಗಿಟ್ಟು ನನಗೆ ಮಣೆ ಕೊಟ್ಟಳು. ಪತ್ರಿಕೆಯನ್ನು ತೆಗೆದುಕೊಂಡು ಎರಡು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಅದನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು.

"ಬೇಡ ಬಾಯೋರೆ," ಎಂದಳು. "ಕೂತ್ಕೊಳ್ಳಿ. ಅನಿಮಾ ಶಾಲೆಯಿಂದ ಬರ್ಲಿ. ಅದು ಓದ್ತದೆ."

ಶಾಲೆ ಬಿಡಲು ಇನ್ನೂ ಒಂದೂವರೆ ತಾಸು ಇತ್ತು. ನಾನು ಕೂತೆ.