ಮೂರನೇ ಗುಂಡಿಗೆ ಬಿಟ್ಟ ಹಾಲು

ಮಂಗಳ ಗ್ರಹದಲ್ಲಿ ಜೀವವನ್ನು ಹುಡುಕುವುದಾದರೆ ನೆಲದ ಮೇಲಲ್ಲ, ಎರಡು ಮೀಟರ್ ಕೆಳಗೆ ಹುಡುಕಬೇಕು. ಸಂಘಮಿತ್ರಾ ಹನ್ನೊಂದು ವರ್ಷಗಳಿಂದ ಈ ಒಂದೇ ಮಾತನ್ನು ಕಂಡಕಂಡವರ ಮುಂದೆ ಹೇಳುತ್ತ ಬಂದಿದ್ದಳು. ಅಲ್ಲಿನ ಮೇಲ್ಮಣ್ಣನ್ನು ವಿಕಿರಣ ಸುಟ್ಟುಹಾಕಿದೆ. ಏನಾದರೂ ಉಳಿದಿದ್ದರೆ ಆಳದಲ್ಲಿ ಉಳಿದಿರಬೇಕು. ಆದ್ದರಿಂದ ಮುಂದಿನ ನೌಕೆಯಲ್ಲಿ ಕೊರೆಯುವ ಯಂತ್ರವೇ ಹೋಗಲಿ ಎಂಬುದು ಅವಳ ತಂಡದ ಬೇಡಿಕೆ. ಬೇರೆಯವರಿಗೆ ಬೇರೆ ಆಸೆ. ಒಂದು ತಂಡಕ್ಕೆ ನೆಲದಡಿಯ ಹಿಮವನ್ನು ಮೇಲಿನಿಂದಲೇ ಪತ್ತೆ ಹಚ್ಚುವ ರೇಡಾರ್ ಬೇಕು, ಇನ್ನೊಂದಕ್ಕೆ ಧೂಳಿನ ಬಿರುಗಾಳಿಯನ್ನು ಅಳೆಯಬೇಕು. ನೌಕೆ ಒಂದೇ, ಜಾಗವೂ ಒಬ್ಬರಿಗೇ. ಸೋಮವಾರ ಬೆಂಗಳೂರಿನಲ್ಲಿ ಹನ್ನೆರಡು ಜನರ ಸಮಿತಿ ಕೂತು ತೀರ್ಮಾನ ಮಾಡುವುದಿತ್ತು.

ಯಂತ್ರದ ಪರೀಕ್ಷೆಗೆ ಅವಳು ತನ್ನೂರು ಬಿಳಿಚೋಡನ್ನೇ ಆರಿಸಿಕೊಂಡಿದ್ದಳು. ಮನೆಯ ಹಿಂದೆ ಹುಲ್ಲೂ ಹುಟ್ಟದ ಎರಡು ಎಕರೆ ಕೆಂಪು ನೆಲವಿದೆ, ಕುರಿ ಕಾಯುವವರೂ ಆ ಕಡೆ ಕುರಿ ಹೊಡೆಯುವುದಿಲ್ಲ. ಕೊರೆದ ಮಣ್ಣನ್ನು ಕಾಯಿಸಿ, ಜೀವಿಗಳು ಬಿಟ್ಟುಹೋದ ಕೊಬ್ಬಿನಂಶ ಇದೆಯೇ ಎಂದು ಯಂತ್ರ ನೋಡುತ್ತದೆ. ಮೂರು ಗುಂಡಿ ತೋಡಿದರು. ಮೊದಲೆರಡರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಮೂರನೆಯದರ ತಳದಲ್ಲಿ ಸಿಕ್ಕಿತು, ಅದೂ ಧಾರಾಳವಾಗಿ. ಬರಡು ನೆಲದ ಆಳದಲ್ಲಿ ಜೀವದ ಗುರುತು! ತಂಡದವರು ಕುಣಿದಾಡಿದರು. ವರದಿಯ ಮೊದಲ ಪುಟದಲ್ಲಿ ಅದೇ ಗುಂಡಿಯ ಲೆಕ್ಕ ಬಂತು.

ಶನಿವಾರ ಅವಳು ಜಗಳೂರಿನಿಂದ ಬಸ್ಸು ಹಿಡಿದು ಊರಿಗೆ ಬಂದಳು. ಇನ್ನೊಂದಿಷ್ಟು ಫೋಟೊ ಬೇಕಿತ್ತು, ಅವ್ವನ ಕೈಯ ರೊಟ್ಟಿಯೂ ಬೇಕಿತ್ತು.

"ಮೂರನೇದ್ರಾಗೆ ಸಿಕ್ತಂತಲ್ಲ," ಎಂದಳು ಅವ್ವ ಉಡಚಮ್ಮ, ರೊಟ್ಟಿ ತಟ್ಟುತ್ತ. "ಸಿಗದೆ ಎಲ್ಲಿಗೆ ಹೋಗ್ತೈತೆ? ನಾನೇನು ಸುಮ್ನೆ ಕುಂತಿದ್ನಾ?"

ಗಂಡ ದೊಡ್ಡಣ್ಣ ಹತ್ತಿರದಲ್ಲಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು ಅವಳು ದನಿ ತಗ್ಗಿಸಿದಳು. "ಗುಂಡಿ ಅರ್ಧಕ್ಕೆ ಬಿಟ್ಟು ನೀವೆಲ್ಲ ಉಣ್ಣಾಕೆ ಬಂದಿದ್ರಲ್ಲ, ಆವಾಗ ಹೋಗಿ ಒಂದು ಚೊಂಬು ಹಾಲು, ಎರಡು ಚಮಚ ತುಪ್ಪ ಬಿಟ್ಟು ಬಂದೆ. ಬೋರು ಕೊರೆಸೋವಾಗ ಗಂಗಮ್ಮಗೆ ಕೊಡಾದಿಲ್ವಾ, ಹಂಗೆ. ಮೊದಲೆರಡಕ್ಕೆ ಕೊಡಲಿಲ್ಲ, ಏನಾತು ನೋಡು. ನಿಮ್ಮಪ್ಪಂಗೆ ಹೇಳಬ್ಯಾಡ ಮತ್ತೆ."

ಮಗಳು ಹುಟ್ಟುವ ಮೊದಲೇ ಬೌದ್ಧ ದೀಕ್ಷೆ ಪಡೆದ ಮನೆ ಅದು. ಪೂಜೆ, ಹರಕೆ ಎಲ್ಲಕ್ಕೂ ದೊಡ್ಡಣ್ಣ ಅಂದೇ ಕೈಮುಗಿದು ಬಿಟ್ಟಿದ್ದ. ಉಡಚಮ್ಮನೂ ಅದೇ ದಿನ ಅದೇ ಮಾತು ಕೊಟ್ಟಿದ್ದಳು. ಬುದ್ಧನ ಮೇಲೆ ಅವಳಿಗಿದ್ದ ಭಕ್ತಿ ಸುಳ್ಳಲ್ಲ. ಆದರೆ ನೆಲಕ್ಕೆ ತೂತು ಬಿದ್ದರೆ ಅವಳ ಕೈ ತಾನಾಗಿಯೇ ಹಾಲಿನ ಚೊಂಬಿಗೆ ಹೋಗುತ್ತದೆ, ಯಾರೇನು ಮಾಡುವುದು!

ಸಂಘಮಿತ್ರಾಳ ಬಾಯಲ್ಲಿದ್ದ ತುತ್ತು ಒಳಗಿಳಿಯಲಿಲ್ಲ. ಕೋಪ ಬಂತು. ಯಾರ ಮೇಲೆಂದು ಗೊತ್ತಾಗದೆ ಅಳುವೂ ಬಂತು. ಅವ್ವನ ಮುಖದಲ್ಲಿದ್ದ ಹೆಮ್ಮೆ ನೋಡಿ ಎರಡನ್ನೂ ನುಂಗಿಕೊಂಡಳು. "ಯಾಕವ್ವ, ರೊಟ್ಟಿ ಸೇರಲಿಲ್ವಾ?" ಎಂದು ಉಡಚಮ್ಮ ಕೇಳಿದರೆ ಹೊಟ್ಟೆ ಸರಿಯಿಲ್ಲವೆಂದು ಎದ್ದಳು.

ಹೊರಗೆ ಬಂದು ತಂಡದ ಕೆಂಚೇಶನಿಗೆ ಫೋನ್ ಮಾಡಿದಳು. ಸವಳಂಗದವನು, ಆ ಯಂತ್ರದ ಹಿಂದೆ ಆರು ವರ್ಷ ಸವೆಸಿದವನು. ಅವನಿಗೆ ಎಲ್ಲವನ್ನೂ ಹೇಳಿದಳು.

"ಯಾರಿಗೆ ಗೊತ್ತಾಗ್ತೈತಿ ಮೇಡಂ?" ಎಂದ ಅವನು. "ಯಂತ್ರ ಕೆಲಸ ಮಾಡಿದ್ದಂತೂ ಸುಳ್ಳಲ್ಲ ಅಲ್ರೀ. ಹಾಲು ಬಿದ್ದಿತ್ತು, ಹಾಲು ಹಿಡೀತು."

"ನಾಳೆ ಮಂಗಳದಲ್ಲಿ ಜೀವ ಸಿಕ್ತು ಅಂದಾಗ ಜನ ಮೊದಲು ಏನು ಕೇಳ್ತಾರೆ ಹೇಳ್ರಿ? ಅದು ಅಲ್ಲಿಂದಾ, ನೀವು ಇಲ್ಲಿಂದ ತಗೊಂಡು ಹೋಗಿದ್ದಾ ಅಂತ. ಇವತ್ತು ಮುಚ್ಚಿಟ್ರೆ ಅವತ್ತು ಯಾವ ಬಾಯಲ್ಲಿ ಉತ್ತರ ಕೊಡಾದು?"

"ಹಂಗಾದ್ರೆ ಹೇಳಿಬಿಡ್ರಿ," ಎಂದು ಕೆಂಚೇಶ ಫೋನ್ ಇಟ್ಟ. ಅವನಿಗೆ ಅದೆಷ್ಟು ಕಷ್ಟವಾಯಿತೆಂದು ಅವಳಿಗೆ ಗೊತ್ತಿತ್ತು.

ಸೋಮವಾರ ಸಮಿತಿಯ ಮುಂದೆ ನಿಂತು ಸಂಘಮಿತ್ರಾ ವರದಿಯ ಮೊದಲ ಪುಟವನ್ನೇ ಹಿಂದಕ್ಕೆ ಪಡೆದಳು. ಮೂರನೇ ಗುಂಡಿಗೆ ಹಾಲು, ತುಪ್ಪ ಬಿದ್ದಿದೆ. ಅದರ ಫಲಿತಾಂಶವನ್ನು ಕೈಬಿಡಬೇಕು. ಗುಂಡಿಯನ್ನು ಕಾಯದೆ ಹೋದ ತಪ್ಪು ತನ್ನದು. ಯಾರೋ ಒಬ್ಬರು ನಕ್ಕರು, ಉಳಿದವರು ನಗಲಿಲ್ಲ. ಸಂಜೆ ನಾಲ್ಕಕ್ಕೆ ತೀರ್ಮಾನ ಬಂತು: ಈ ಸಲ ರೇಡಾರ್ ಹೋಗಲಿ, ಕೊರೆಯುವ ಯಂತ್ರವನ್ನು ಮುಂದಿನ ಸರದಿಗೆ ನೋಡೋಣ. ಅಧ್ಯಕ್ಷರು ಅವಳ ಕೈ ಕುಲುಕಿ, ಒಳ್ಳೆಯ ಕೆಲಸ ಮಾಡಿದಿರಿ ಎಂದರು. ಆ ಹೊತ್ತಿಗೆ ಅವಳಿಗೆ ಅದು ಯಾತಕ್ಕೂ ಬೇಕಿರಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದಾಗ ಅವ್ವನ ಫೋನ್ ಬಂತು.

"ಏನಾತವ್ವ?" ಎಂದು ಉಡಚಮ್ಮ ಕೇಳಿದಳು.

"ಈ ಸಲ ಇಲ್ಲವ್ವ. ಇನ್ನು ಹತ್ತು ವರ್ಷ ಆಗಬಹುದು."

"ನನ್ನ ಹಾಲಿನಿಂದ ಆತಾ?"

ಹನ್ನೆರಡು ಜನರ ಮುಂದೆ ತಡವರಿಸದವಳು ಈಗ ತಡವರಿಸಿದಳು. "ಛೇ, ಇಲ್ಲ. ಅವರ ಯಂತ್ರ ನಮ್ಮದಕ್ಕಿಂತ ಚೆನ್ನಾಗಿತ್ತು."

"ಸುಳ್ಳು ಹೇಳಬ್ಯಾಡ," ಎಂದಳು ಉಡಚಮ್ಮ. "ಅವತ್ತು ನಿನ್ನ ಮುಖ ನೋಡಿದ್ನಲ್ಲ. ನೀನು ಹೋದ ಮ್ಯಾಲೆ ನಿಮ್ಮಪ್ಪಂಗೆ ನಾನೇ ಎಲ್ಲಾ ಹೇಳ್ದೆ. ಅವರು ಬಿಡಿಸಿ ತಿಳಿಸಿದ್ರು."

"ಬೈದ್ರಾ?"

"ಬೈಯಲಿಲ್ಲ. ಅದೇ ಕಷ್ಟ ಆತು. ಎರಡು ದಿನದಿಂದ ನನಗೆ ಅನ್ನ ಇಳಿದಿಲ್ಲ. ನನ್ನ ತಪ್ಪು ಮುಚ್ಚಾಕೆ ಹೋಗಿ ನೀನೆಲ್ಲಿ ಅಷ್ಟು ದೊಡ್ಡೋರ ಮುಂದೆ ಸುಳ್ಳುಗಾರ್ತಿ ಆಗ್ತೀಯೋ ಅಂತ ಜೀವ ಹೊಡ್ಕಂತಿತ್ತು. ಅಲ್ಲಿ ನಿಜ ಹೇಳಿದ್ಯಾ?"

ಸಂಘಮಿತ್ರಾ ಮೆಟ್ಟಿಲಿನಿಂದ ಎದ್ದು ನಿಂತಳು. "ಹೇಳ್ದೆ ಅವ್ವ."

"ಹಂಗಾದ್ರೆ ಇವತ್ತು ಉಣ್ತೀನಿ," ಎಂದು ಉಡಚಮ್ಮ ಫೋನ್ ಇಟ್ಟಳು.