ಬ್ರೇಕ್ ಇನ್ಸ್‌ಪೆಕ್ಟರಿಗೆ ಒಂದು ಒಳ್ಳೆಯ ಮಾತು

ಎಲ್ಲ ಶುರುವಾದದ್ದು ಹಲ್ಲಿನ ಡಾಕ್ಟರರ ಅಂತ್ಯಕ್ರಿಯೆಯ ದಿನ. ಬದುಕಿರುವಷ್ಟು ಕಾಲ ಅವರನ್ನು ಕಂಡರೆ ಚರ್ಚಿನ ಇಡೀ ಸಭೆ ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿತ್ತು. ಪೆಟ್ಟಿಗೆಯಲ್ಲಿ ಮಲಗಿದ ಮೇಲೆ ನೋಡಿ, ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಹೊಗಳಿ ಅಟ್ಟಕ್ಕೇರಿಸಿದರು. ಅವರ ಕೈಗುಣವೇನು, ಕರುಣೆಯೇನು, ನೋವೇ ಗೊತ್ತಾಗದಂತೆ ಹಲ್ಲು ಕೀಳುತ್ತಿದ್ದ ಚಂದವೇನು! ಅಷ್ಟು ಚಂದದ ಮಾತು ಕೇಳಿಸಿಕೊಳ್ಳದೆ ಹೋದವರು ಆ ದಿನ ಡಾಕ್ಟರರೊಬ್ಬರೇ.

ಇದು ನಿವೃತ್ತರ ಅನ್ಯೋನ್ಯ ಕೂಟದ ಅಧ್ಯಕ್ಷರ ಮನಸ್ಸಿಗೆ ತಟ್ಟಿತು. ಅಧ್ಯಕ್ಷರು ಜೀವಮಾನವಿಡೀ ವಿಮೆ ಮಾರಿದವರು. ಜನರಿಗೆ ಸಾವನ್ನು ನೆನಪಿಸುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಕೂಟದಲ್ಲಿ ಆಗಲೇ ಕುರ್ಚಿಯಲ್ಲೇ ಕೂತು ಮಾಡುವ ವ್ಯಾಯಾಮ, ಬೈಬಲ್ ಕ್ವಿಜ್, ಯಾರೂ ಕೇಳದಿದ್ದರೂ ಎಳೆಗೂಸುಗಳಿಗೆ ಉಣ್ಣೆಯ ಟೋಪಿ ಹೆಣೆಯುವುದು ಎಲ್ಲವೂ ನಡೆಯುತ್ತಿದ್ದವು. ಅದಕ್ಕೆ ಅವರು ಇನ್ನೊಂದು ಸೇರಿಸಿದರು. ಹೆಸರು ‘ಇದ್ದಾಗಲೇ ಹೇಳೋಣ’. ಪ್ರತಿ ಬುಧವಾರ ಒಬ್ಬ ಸದಸ್ಯರನ್ನು ಮದುವೆಯ ದಿನ ವಧುವರರು ಕೂರುವ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂರಿಸುವುದು. ಹೇಳಬೇಕೆನಿಸಿದವರು ಮೊದಲೇ ಕಾರ್ಯದರ್ಶಿಯಮ್ಮನಿಗೆ ಹೆಸರು ಕೊಟ್ಟು, ಆ ದಿನ ಎದ್ದು ನಿಂತು ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳುವುದು. ಮನೆಯವರು ಮಾತ್ರ ಮಾತನಾಡುವಂತಿಲ್ಲ. ಮನೆಯವರ ಬಾಯಿ ಬಿಡಿಸಿದರೆ ಏನಾಗುತ್ತದೆಂದು ಸಂಸಾರಸ್ಥರಾದ ಅಧ್ಯಕ್ಷರಿಗೆ ಗೊತ್ತಿತ್ತು.

ಕಾರ್ಯಕ್ರಮಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿದ್ದ ಬ್ರೇಕ್ ಇನ್ಸ್‌ಪೆಕ್ಟರೊಬ್ಬರು ತಟ್ಟಲಿಲ್ಲ. ತಮ್ಮ ಸರದಿ ಯಾವ ಬುಧವಾರಕ್ಕೆ ಬರುತ್ತದೆಂದು ಬೆರಳು ಮಡಚಿ ಎಣಿಸುತ್ತಿದ್ದರು.

ಲೈಸೆನ್ಸ್ ಬೇಕೆನ್ನುವವರ ಪಕ್ಕದ ಸೀಟಿನಲ್ಲಿ ಕೂತು ಪಾಸೋ ಫೇಲೋ ಎಂದು ತೀರ್ಪು ಕೊಡುವ ಕೆಲಸದಲ್ಲೇ ಅವರ ತಲೆ ನರೆತದ್ದು. ಅರ್ಧ ಸಭೆಯನ್ನು ಫೇಲು ಮಾಡಿದ್ದರು. ಸಭಾಪಾಲಕರನ್ನೇ ಎರಡು ಸಲ ಮಾಡಿದ್ದರು. ತಪ್ಪಿದ್ದರೆ ಕಡ್ಡಿ ಮುರಿದಂತೆ ಹೇಳುವುದು, ತಪ್ಪಿಲ್ಲದಿದ್ದರೆ ಬಾಯಿ ಬಿಡದೆ ಬಾಗಿಲು ತೆರೆದು ಇಳಿಯುವುದು, ಇದು ಅವರ ಪದ್ಧತಿ. ಅವರು ಸುಮ್ಮನಿದ್ದರೆ ಪಾಸಾದಂತೆ ಎಂದು ಊರಿಗೆಲ್ಲ ಗೊತ್ತಿತ್ತು.

ನಿವೃತ್ತಿಯಾದ ಮೇಲೂ ಆ ಪಕ್ಕದ ಸೀಟಿನಿಂದ ಅವರು ಇಳಿದಿರಲಿಲ್ಲ. ಆರಾಧನೆ ಮುಗಿದು ಬಾಗಿಲಲ್ಲಿ ಕೈ ಕುಲುಕುವಾಗ ಸಭಾಪಾಲಕರಿಗೆ ಆ ದಿನದ ಉಪದೇಶದ ಬಗ್ಗೆ ಹೇಳುತ್ತಿದ್ದರು: “ಚೆನ್ನಾಗೇ ಹೊರಟ್ರಿ ಪಾಸ್ಟರ್. ಮಧ್ಯದಲ್ಲಿ ದಾರಿ ತಪ್ಪಿದ್ರಿ. ಎಲ್ಲಿ ನಿಲ್ಲಿಸಬೇಕು ಅಂತ ನಿಮಗೆ ಇವತ್ತಿಗೂ ಗೊತ್ತಾಗಲ್ಲ.” ಕಾರ್ಯದರ್ಶಿಯಮ್ಮ ಟೀ ಜೊತೆ ಹಂಚುವ ಕೇಕನ್ನು ಬೆರಳಲ್ಲಿ ಒತ್ತಿ ನೋಡಿ, “ಇದು ಒಣಗಿದೆ” ಎಂದು ತಟ್ಟೆಗೆ ವಾಪಸ್ ಇಡುತ್ತಿದ್ದರು.

ಅಂಥವರ ಬಗ್ಗೆ ಯಾರು ತಾನೇ ಎದ್ದು ನಿಂತಾರು?

ಅವರ ಸರದಿಗೆ ಇನ್ನೂ ಕೆಲವು ವಾರಗಳಿದ್ದವು. ಒಂದು ಬುಧವಾರ ಏನೋ ನೆಪ ಮಾಡಿ ಕಾರ್ಯದರ್ಶಿಯಮ್ಮನ ಹತ್ತಿರ ಹೋದರು.

“ಅಂದಹಾಗೆ ಸಿಸ್ಟರ್, ನನ್ನ ಬುಧವಾರಕ್ಕೆ ಯಾರಾದ್ರೂ ಹೆಸರು ಕೊಟ್ಟಿದಾರಾ?”

ಕಾರ್ಯದರ್ಶಿಯಮ್ಮ ಟೀ ಕಪ್ಪುಗಳನ್ನು ಅಗತ್ಯಕ್ಕಿಂತ ಹೆಚ್ಚು ಗಮನವಿಟ್ಟು ಒರೆಸಿದರು. “ಇನ್ನೂ ಟೈಮಿದೆಯಲ್ಲ ಬ್ರದರ್. ಕೊಡ್ತಾರೆ. ಪ್ರಾರ್ಥನೆ ಮಾಡೋಣ.”

ಪ್ರಾರ್ಥನೆಯವರೆಗೆ ಹೋಗಿದೆ ಎಂದರೆ ಒಬ್ಬರೂ ಇಲ್ಲವೆಂದೇ ಅರ್ಥ. ಅವರು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಕೂತರು.

“ನನ್ನ ಬಗ್ಗೆ ಒಂದು ಒಳ್ಳೆ ಮಾತು ಹೇಳೋರು ಆ ಸಭೇಲಿ ಒಬ್ರೂ ಇಲ್ವಂತೆ ಕಣೇ.”

“ನನ್ನ ಹತ್ರ ಒಂದೆರಡಿವೆ,” ಎಂದರು ಹೆಂಡತಿ, ಬಟ್ಟೆ ಮಡಚುತ್ತ. “ಆದ್ರೆ ಮನೆಯವರು ಹೇಳೋ ಹಾಗಿಲ್ಲವಲ್ಲ.”

“ತಮಾಷೆ ಅಲ್ಲ. ಈಗ ಇಲ್ಲ ಅಂದ್ರೆ ನಾಳೆ ಪೆಟ್ಟಿಗೇಲಿ ಮಲಗಿದಾಗಲೂ ಇರಲ್ಲ. ಪಾಸ್ಟರು ಹುಟ್ಟಿದ ದಿನ, ಸತ್ತ ದಿನ ಓದಿ ಕೂತ್ಕೋತಾರೆ.”

ಹೆಂಡತಿ ತಲೆ ಎತ್ತಿ ನೋಡಿದರು. ಗಂಡನಿಗೆ ನಿಜವಾಗಿಯೂ ಭಯವಾಗಿತ್ತು. ಇಷ್ಟು ವರ್ಷ ಎಲ್ಲರ ತಪ್ಪು ಹೇಳಿಕೊಂಡು ಬಂದದ್ದು ಎಲ್ಲರ ಒಳ್ಳೆಯದಕ್ಕೇ ಎಂದುಕೊಂಡಿದ್ದ ಮನುಷ್ಯ, ಅದು ಒಬ್ಬರ ಮನಸ್ಸಿನಲ್ಲೂ ಒಳ್ಳೆಯದಾಗಿ ಉಳಿದಿಲ್ಲವೆಂದು ಆ ಸಂಜೆ ನಂಬಿಬಿಟ್ಟಿದ್ದರು.

ಮರುದಿನದಿಂದ ಅವರು ಒಳ್ಳೆಯವರಾದರು. ಆ ಒಳ್ಳೆಯತನವನ್ನು ತಾಳಿಕೊಳ್ಳುವುದು ಸಭೆಗೆ ಬಹಳ ಕಷ್ಟವಾಯಿತು. ಅಧ್ಯಕ್ಷರ ಮನೆಗೆ ಏಣಿ ಹೊತ್ತುಕೊಂಡು ಹೋಗಿ ಸರಿಯಾಗಿ ಉರಿಯುತ್ತಿದ್ದ ಬಲ್ಬನ್ನು ಬದಲಾಯಿಸಿದರು. ಬೆಳಗಿನ ವಾಕಿಂಗ್ ಹೊರಟವರ ಪಕ್ಕದಲ್ಲಿ ಕಾರು ನಿಲ್ಲಿಸಿ, ಹತ್ತುವವರೆಗೂ ಬಿಡಲಿಲ್ಲ. ಅದಕ್ಕಿಂತ ಭಯಂಕರವಾಗಿ, ಹೊಗಳತೊಡಗಿದರು. ಕಾರ್ಯದರ್ಶಿಯಮ್ಮನ ಕೇಕು ತಿಂದು, “ಬಾಯಲ್ಲಿಟ್ರೆ ಕರಗತ್ತೆ ಸಿಸ್ಟರ್” ಎಂದರು. ಆ ವಾರವೇ ಎರಡು ಇಡೀ ಕೇಕು ಮನೆಗೆ ಬಂದವು. “ನೀವು ಹೊಗಳಿದ್ದು, ನೀವೇ ಮುಗಿಸಿ” ಎಂದು ಹೆಂಡತಿ ಚಾಕು ಕೊಟ್ಟರು.

ಭಾನುವಾರ ಬಾಗಿಲಲ್ಲಿ ಸಭಾಪಾಲಕರ ಕೈ ಹಿಡಿದು, “ಬಹಳ ಚೆನ್ನಾಗಿತ್ತು ಪಾಸ್ಟರ್, ಇನ್ನೂ ಸ್ವಲ್ಪ ಹೊತ್ತು ಹೇಳಬಾರದಿತ್ತಾ ಅನ್ನಿಸ್ತು” ಎಂದಾಗ ಸಭಾಪಾಲಕರ ಮುಖ ಬಿಳಿಚಿಕೊಂಡಿತು. ಅವರು ಇನ್ಸ್‌ಪೆಕ್ಟರ ಹೆಂಡತಿಯನ್ನು ಪಕ್ಕಕ್ಕೆ ಕರೆದು, “ಯಜಮಾನರ ಆರೋಗ್ಯ ಹೇಗಿದೆ ಅಮ್ಮಾ?” ಎಂದು ಕೇಳಿದರು.

ಅದೇ ಭಾನುವಾರ ಕೋಗಿಲೆ ಟೀಚರ್ ಹಾಡಿದ್ದರು. ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಆಕೆಯ ಒಂಟಿ ಹಾಡಿಲ್ಲದೆ ಆ ಚರ್ಚಿನಲ್ಲಿ ಮದುವೆಯೂ ಆಗುತ್ತಿರಲಿಲ್ಲ, ಮಣ್ಣೂ ಆಗುತ್ತಿರಲಿಲ್ಲ. ಆ ದಿನ ಎತ್ತರದ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಆರ್ಗನ್ ನುಡಿಸುವವರು ಜೋರಾಗಿ ಒತ್ತಿ ಮುಚ್ಚಿಹಾಕಿದರು. ಮುಗಿದ ಮೇಲೆ ಎಲ್ಲರೂ ಸುತ್ತುವರಿದು, “ದೇವದೂತರು ಹಾಡಿದ ಹಾಗಿತ್ತು” ಎಂದರು. ಆಕೆ ಎಲ್ಲರನ್ನೂ ದಾಟಿ ಬಂದು ಇನ್ಸ್‌ಪೆಕ್ಟರ ಎದುರು ನಿಂತರು. ಏನೂ ಕೇಳಲಿಲ್ಲ, ಸುಮ್ಮನೆ ನಿಂತರು.

ಇನ್ಸ್‌ಪೆಕ್ಟರ ನಾಲಗೆಯ ತುದಿಗೆ ಮಾತು ಬಂದಿತ್ತು. ಬುಧವಾರ ನೆನಪಾಯಿತು. “ಮೊದಲಿನ ಹಾಗೇ ಇತ್ತು ಟೀಚರ್. ಒಂದು ಚೂರೂ ಬದಲಾಗಿಲ್ಲ,” ಎಂದರು.

ಆಕೆಯ ಮುಖ ಒಮ್ಮೆಲೇ ಇಳಿದುಹೋಯಿತು. ಚೀಲ ಹೆಗಲಿಗೇರಿಸಿ ಹೊರಟುಬಿಟ್ಟರು. ಹೊಗಳಿದರೂ ಸಿಟ್ಟೇ, ಎಂದುಕೊಂಡರು ಇನ್ಸ್‌ಪೆಕ್ಟರು.

ಇತ್ತ ಸಭೆಯಲ್ಲಿ ಗುಸುಗುಸು ಶುರುವಾಯಿತು. ಬ್ರೇಕ್ ಇನ್ಸ್‌ಪೆಕ್ಟರು ಒಣ ಕೇಕು ಹೊಗಳಿದರಂತೆ, ಪಾಸ್ಟರ ಪ್ರಸಂಗ ಹೊಗಳಿದರಂತೆ, ಕಂಡಕಂಡವರಿಗೆ ಸಹಾಯ ಮಾಡುತ್ತಿದ್ದಾರಂತೆ. ಇದಕ್ಕೆ ಒಂದೇ ಅರ್ಥ: ಡಾಕ್ಟರು ಕೈ ಬಿಟ್ಟಿದ್ದಾರೆ. ಪಾಪ, ಹೇಳಿಕೊಳ್ಳುತ್ತಿಲ್ಲ. ಪ್ರಾರ್ಥನಾ ಗುಂಪಿನವರು ಗುಟ್ಟಾಗಿ ಪ್ರಾರ್ಥಿಸಿದರು. ಗುಟ್ಟು ಕಾಪಾಡಬೇಕೆಂದು ಮನೆಮನೆಗೂ ಹೋಗಿ ಹೇಳಿದರು. ಪಕ್ಕದ ಬೀದಿಯಿಂದ ಒಬ್ಬರು ಸೂಪು ತಂದುಕೊಟ್ಟು ಇನ್ಸ್‌ಪೆಕ್ಟರ ಹೆಂಡತಿಯ ಕೈ ಒತ್ತಿ ಕಣ್ಣೊರೆಸಿಕೊಂಡು ಹೋದರು. ಆಕೆಗೆ ತಲೆಬುಡ ತಿಳಿಯಲಿಲ್ಲ. ಸೂಪು ಮಾತ್ರ ಚೆನ್ನಾಗಿತ್ತು.

“ಹದಿನೆಂಟು ಹೆಸರು ಬಂದಿದೆ ಬ್ರದರ್!” ಎಂದರು ಕಾರ್ಯದರ್ಶಿಯಮ್ಮ, ಕಣ್ಣು ತುಂಬಿಕೊಂಡು. ಇನ್ಸ್‌ಪೆಕ್ಟರು ಮನೆಗೆ ಹಾರಿಕೊಂಡೇ ಬಂದರು. ಕೋಟಿಗೆ ಇಸ್ತ್ರಿ ಹಾಕಿಸಿದರು.

ಆ ಬುಧವಾರ ಚರ್ಚಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್ಸ್‌ಪೆಕ್ಟರು ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮೊದಲು ಅಧ್ಯಕ್ಷರು ಎದ್ದು, “ನಮ್ಮ ಮನೆಗೆ ಬೆಳಕು ತಂದವರು” ಎಂದರು. ಬಲ್ಬು, ಎಂದುಕೊಂಡರು ಇನ್ಸ್‌ಪೆಕ್ಟರು. ಎರಡನೆಯವರು ಕಾರಿನಲ್ಲಿ ಹತ್ತಿಸಿಕೊಂಡದ್ದನ್ನು ನೆನೆದರು. ಮೂರನೆಯವರೂ ಕಾರನ್ನೇ ನೆನೆದರು. ಕಾರ್ಯದರ್ಶಿಯಮ್ಮ ಕೇಕಿನ ವಿಷಯ ಹೇಳಲು ಹೋಗಿ ಅರ್ಧಕ್ಕೇ ಕೂತರು. ಎಲ್ಲರ ಮಾತೂ ಕಳೆದ ಮೂರು ವಾರದ್ದೇ. ಅದಕ್ಕೂ ಹಿಂದೆ ಈ ಮನುಷ್ಯ ಹುಟ್ಟಿಯೇ ಇರಲಿಲ್ಲವೇನೋ ಅನ್ನುವ ಹಾಗೆ ಮಾತಾಡಿದರು. ತಾನೇ ಹಂಚಿದ್ದನ್ನು ತನಗೇ ವಾಪಸ್ ಕೊಡುತ್ತಿದ್ದಾರೆ ಎಂದು ಇನ್ಸ್‌ಪೆಕ್ಟರಿಗೆ ಹೊಳೆಯಿತು.

ಕೊನೆಗೆ ಸಭಾಪಾಲಕರು ಎದ್ದು, “ನಮ್ಮ ಸಹೋದರರು ತಮ್ಮ ಓಟವನ್ನು ಮುಗಿಸುತ್ತಿದ್ದಾರೆ. ಆ ದಡದಲ್ಲಿ ನಾವೆಲ್ಲ ಮತ್ತೆ ಕೂಡುತ್ತೇವೆ,” ಎಂದರು. ಹಾಲಿನಲ್ಲಿ ಕರವಸ್ತ್ರಗಳು ಹೊರಬಂದವು.

ಇನ್ಸ್‌ಪೆಕ್ಟರು ಹೆಂಡತಿಯತ್ತ ನೋಡಿದರು. ಹೆಂಡತಿಗೆ ಆಗ ಸೂಪಿನ ಅರ್ಥವಾಯಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸುತ್ತಲಿನವರು ಅದನ್ನು ಅಳುವೆಂದೇ ತಿಳಿದು ಬೆನ್ನು ಸವರಿದರು.

“ತಡೀರಿ ಪಾಸ್ಟರ್,” ಎಂದರು ಇನ್ಸ್‌ಪೆಕ್ಟರು. “ನನಗೇನೂ ಆಗಿಲ್ಲ. ಬಿ.ಪಿ. ಇದೆ. ಅದು ನಿಮಗೆಲ್ಲರಿಗೂ ಇದೆ.”

ಹಾಲಿನಲ್ಲಿ ಸಂತೋಷದ ಉದ್ಗಾರ ಎದ್ದಿತು. ಅದು ಸ್ವಲ್ಪ ತಡವಾಗಿಯೇ ಎದ್ದಿತೆನ್ನಬೇಕು. ಸೂಪು ಕೊಟ್ಟವರ ಮುಖದಲ್ಲಿ ಮೋಸ ಹೋದ ಕಳೆ ಎದ್ದು ಕಾಣುತ್ತಿತ್ತು.

ಅಷ್ಟರಲ್ಲಿ ಮಧ್ಯದ ಸಾಲಿನಿಂದ ಕೋಗಿಲೆ ಟೀಚರ್ ಎದ್ದರು. “ನಾನು ಹೆಸರು ಕೊಟ್ಟಿಲ್ಲ. ಆದ್ರೂ ಒಂದು ಮಾತಿದೆ.”

ಅಧ್ಯಕ್ಷರು ತಲೆಯಾಡಿಸಿದರು.

“ನಾನು ವಯಸ್ಸಲ್ಲಿದ್ದಾಗ ಇವರು ನನ್ನನ್ನ ಮೂರು ಸಲ ಫೇಲ್ ಮಾಡಿದ್ರು. ನಮ್ಮಣ್ಣ, ನಮ್ಮ ಯಜಮಾನ್ರು, ಎಲ್ಲರೂ ಸೊಗಸಾಗಿ ಓಡಿಸ್ತೀಯ ಅಂತಿದ್ರು. ಮೂರನೇ ಸಲ ಇವರು ಗಾಡಿ ನಿಲ್ಲಿಸಿ, ‘ಹಿಂಗೇ ಓಡಿಸಿದ್ರೆ ಶಾಲೆ ಗೇಟಿನ ಮುಂದೆ ಒಂದು ಮಗೂನ ಕೊಲ್ತೀರ’ ಅಂದ್ರು. ಅತ್ತುಬಿಟ್ಟೆ. ಆಮೇಲೆ ಕಲಿತೆ. ನಾಲ್ಕನೇ ಸಲ ಮಾತಾಡದೆ ಇಳಿದುಹೋದ್ರು. ಇವತ್ತಿನವರೆಗೂ ನನ್ನ ಗಾಡಿಗೆ ಯಾರೂ ಸಿಕ್ಕಿಲ್ಲ.”

ಯಾರೋ ‘ದೇವರಿಗೆ ಸ್ತೋತ್ರ’ ಎಂದರು. ಆಕೆ ಕೈ ಎತ್ತಿ ತಡೆದರು.

“ಇಷ್ಟು ವರ್ಷ ಪ್ರತಿ ಸಲ ಹಾಡಿದ ಮೇಲೂ ಇವರ ಮುಖ ನೋಡ್ತಿದ್ದೆ. ಸುಮ್ಮನೆ ಹೋದ್ರೆ ಸರಿ, ಇನ್ನೂ ಹಾಡಬಹುದು ಅಂತ. ನೀವೆಲ್ಲ ಹೇಳೋದನ್ನ ನಾನು ಯಾವತ್ತೂ ಲೆಕ್ಕಕ್ಕೆ ತಗೊಂಡಿಲ್ಲ, ಬೇಜಾರು ಮಾಡ್ಕೋಬೇಡಿ. ಮೊನ್ನೆ ಇವರು ಹೊಗಳಿದ್ರು. ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ಇವರೂ ಸುಳ್ಳು ಹೇಳೋಕೆ ಶುರು ಮಾಡಿದ್ರೆ ನಾನು ಇನ್ಯಾರನ್ನ ಕೇಳಲಿ?” ಆಕೆ ಎತ್ತರದ ಕುರ್ಚಿಯತ್ತ ತಿರುಗಿದರು. “ಈಗ ಹೇಳಿ. ನನ್ನ ದನಿ ಹೋಯ್ತಾ?”

ಹಾಲಿನಲ್ಲಿ ಎಲ್ಲರೂ ಕೀರ್ತನೆಯ ಪುಸ್ತಕಗಳನ್ನು ತೆರೆದು ಎಂದೂ ಇಲ್ಲದ ಭಕ್ತಿಯಿಂದ ನೋಡತೊಡಗಿದರು.

ಇನ್ಸ್‌ಪೆಕ್ಟರಿಗೆ ಹದಿನೆಂಟು ಜನ ಕೊಟ್ಟ ಒಳ್ಳೆಯ ಮಾತುಗಳೆಲ್ಲ ಆ ಒಂದು ಪ್ರಶ್ನೆಯೆದುರು ಪುಡಿಪುಡಿಯಾದವು. ಒಂದು ಸುಳ್ಳು ಹೇಳಿದರೆ ಚಪ್ಪಾಳೆ ಬೀಳುತ್ತದೆ, ಟೀ ಬರುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ತನ್ನನ್ನು ನಂಬಿ ಇಷ್ಟು ವರ್ಷ ಗಾಡಿ ಓಡಿಸಿದವಳು ಎದುರಿಗೆ ನಿಂತಿದ್ದಾಳೆ. ಇವಳಿಗೇ ತಾನು ಸುಳ್ಳು ಹೇಳಿದ್ದು ಎಂದು ಅವರಿಗೆ ನಾಚಿಕೆಯಾಯಿತು.

“ಮೇಲಿನ ಸ್ವರ ಹೋಗಿದೆ ಟೀಚರ್,” ಎಂದರು ಮೆಲ್ಲಗೆ. “ಹಿಂದಿನ ಸಲ ಅಲುಗಾಡ್ತಿತ್ತು. ಈ ಸಲ ಒಡೀತು. ಇನ್ನು ಒಂಟಿ ಹಾಡು ಬೇಡ. ಕೆಳಗಿನ ಸ್ವರ ಗಟ್ಟಿಯಾಗೇ ಇದೆ. ಆ ಸ್ವರದವರ ಸಾಲಲ್ಲಿ ಕೂತ್ಕೊಳ್ಳಿ.” ಆಮೇಲೆ, “ಮೊನ್ನೆ ನಾನು ಹೇಳಿದ್ದು ಸುಳ್ಳು. ತಪ್ಪಾಯ್ತು,” ಎಂದರು.

ಕೋಗಿಲೆ ಟೀಚರ್ ಕಣ್ಣು ಒದ್ದೆಯಾಗಿತ್ತು. ಆದರೆ ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವರ ಹಾಗೆ ಭುಜಗಳು ಸಡಿಲವಾದವು. “ಇದೇ ಇವರ ಬಗ್ಗೆ ನಾನು ಹೇಳಬೇಕಿದ್ದ ಒಳ್ಳೆ ಮಾತು,” ಎಂದು ಕೂತರು.

ಇನ್ಸ್‌ಪೆಕ್ಟರು ಸಭಾಪಾಲಕರತ್ತ ತಿರುಗಿ, “ಹೋದ ವಾರದ ಪ್ರಸಂಗಕ್ಕೆ ಬ್ರೇಕೇ ಇರಲಿಲ್ಲ ಪಾಸ್ಟರ್,” ಎಂದರು. ಸಭಾಪಾಲಕರು ಕೈ ಜೋಡಿಸಿ, “ದೇವರಿಗೆ ಸ್ತೋತ್ರ, ಇವರಿಗೆ ಏನೂ ಆಗಿಲ್ಲ,” ಎಂದರು. ಕಾರ್ಯದರ್ಶಿಯಮ್ಮ ಮಾತ್ರ ಕೇಕಿನ ತಟ್ಟೆಯನ್ನು ಸದ್ದಿಲ್ಲದೆ ಮೇಜಿನ ಕೆಳಗೆ ಸರಿಸಿದರು.

ಕೊನೆಯ ಕೀರ್ತನೆಗೆ ಎಲ್ಲರೂ ಎದ್ದರು. ಕೋಗಿಲೆ ಟೀಚರ್ ಎಂದಿನಂತೆ ಮುಂದಿನ ವೇದಿಕೆಗೆ ಹೋಗಲಿಲ್ಲ. ಪುಸ್ತಕ ಹಿಡಿದು, ಕೆಳಗಿನ ಸ್ವರದವರ ಸಾಲಿನಲ್ಲಿ ಇನ್ಸ್‌ಪೆಕ್ಟರ ಹೆಂಡತಿಯ ಪಕ್ಕಕ್ಕೆ ಬಂದು ನಿಂತರು. ಮೊದಲ ಸಾಲಿಗೆ ತಡವರಿಸಿದರು. ಎರಡನೆಯ ಸಾಲಿಗೆ ಆ ಹಳೆಯ ದನಿ ತನ್ನ ಜಾಗ ಕಂಡುಕೊಂಡಿತು, ತಗ್ಗಿನಲ್ಲಿ, ತುಂಬಿಕೊಂಡು. ಸುತ್ತಲಿನವರ ದನಿಯೂ ಅದಕ್ಕೆ ಆತುಕೊಂಡು ನೆಟ್ಟಗಾಯಿತು.

ಹಾಡು ಮುಗಿದದ್ದೇ ಆಕೆ ಪುಸ್ತಕ ಮುಚ್ಚಿ, ಎತ್ತರದ ಕುರ್ಚಿಯ ಕಡೆಗೆ ನೋಡಿದರು.

ಬ್ರೇಕ್ ಇನ್ಸ್‌ಪೆಕ್ಟರು ಏನೂ ಹೇಳಲಿಲ್ಲ. ಕುರ್ಚಿಯಿಂದ ಇಳಿದು, ಬಾಗಿಲು ತೆರೆದು, ಹೊರಗೆ ನಡೆದರು.