ಇಪ್ಪತ್ತು ನಿಮಿಷದ ಗಾಬರಿ

ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ‘ನೀವು ಗಾಬರಿಯಾಗಿದ್ದೀರಿ. ಆ್ಯಂಬುಲೆನ್ಸ್ ಕರೆಯಿರಿ.’ ಪಟ್ಟಿ ಅಕ್ಕ ಅದನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ. ಯಾವ ಗುಂಡಿ ಒತ್ತಬೇಕು, ಒತ್ತಿದರೆ ಏನು ಕಾಣಬೇಕು, ಕಾಣದಿದ್ದರೆ ಯಾರಿಗೆ ಹೇಳಬೇಕು, ಒಂದೂ ಇಲ್ಲ. ಇದನ್ನೂ ಟೆಸ್ಟಿಂಗ್ ಎನ್ನುವುದಾದರೆ ತಾನು ಹನ್ನೊಂದು ವರ್ಷ ಮಾಡಿದ್ದು ಕತ್ತೆ ಕಾಯುವ ಕೆಲಸವೇ ಎಂದು ಅವಳಿಗೆ ಸಿಟ್ಟು ಬಂತು.

ಪಟ್ಟಿ ಅಕ್ಕ ಎನ್ನುವುದು ಆಫೀಸಿನವರು ಇಟ್ಟ ಹೆಸರು. ಊರಿನವರೆಲ್ಲ ಆ್ಯಂಬುಲೆನ್ಸ್ ಕರೆಯುತ್ತಿದ್ದದ್ದು ಅವಳ ಕಂಪನಿಯ ಆ್ಯಪಿನಿಂದ. ಅದನ್ನು ಪರೀಕ್ಷಿಸಲು ಅವಳು ಮುನ್ನೂರ ಹದಿನಾರು ಪರೀಕ್ಷೆಗಳ ಒಂದು ಪಟ್ಟಿ ಬರೆದಿದ್ದಳು. ಒಂದೊಂದಕ್ಕೂ ಕ್ರಮವಾಗಿ ಹೆಜ್ಜೆಗಳು, ಪಾಸಾದರೆ ಹಸಿರು, ಫೇಲಾದರೆ ಕೆಂಪು. ಆ್ಯಪಿನಲ್ಲಿ ಏನೇ ಬದಲಾವಣೆಯಾಗಲಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಷ್ಟನ್ನೂ ಮುಗಿಸಿದ ಮೇಲೆಯೇ ಅವಳು ಸಹಿ ಹಾಕುತ್ತಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೊಸಬರಿಗೆ ಉಪದೇಶ ಬೇರೆ. ಹೀಗಿರುವಾಗ ಎರಡು ದಿನದ ತರಬೇತಿ ಕೊಡಲು ಬಂದ ಈ ಮನುಷ್ಯ, ಅಡುಗೆಮನೆಯ ಟೈಮರೊಂದನ್ನು ಮೇಜಿನ ಮೇಲಿಟ್ಟು, ಪಟ್ಟಿ ಪಕ್ಕಕ್ಕಿಡಿ ಎಂದು ಈ ಚೀಟಿ ಕೊಟ್ಟಿದ್ದರು. ಬಂದ ಅರ್ಧ ಗಂಟೆಯಲ್ಲೇ ಅವರಿಗೆ ಟೈಮರ್ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು.

ಅವರ ಪಾಠ ಸಣ್ಣದು. ಕೈಯಲ್ಲಿ ಒಂದು ಉದ್ದೇಶ, ಮುಂದೆ ಇಪ್ಪತ್ತು ನಿಮಿಷ. ಆ್ಯಪನ್ನು ಬಳಸುತ್ತಲೇ ಕಲಿಯಬೇಕು, ಮಾಡಿದ್ದನ್ನು ಮಾಡಿದ ಹಾಗೇ ಬರೆದುಕೊಳ್ಳಬೇಕು, ಎಲ್ಲಾದರೂ ಅನುಮಾನ ಬಂದರೆ ಅದರ ಬಾಲ ಹಿಡಿದು ಹೋಗಬೇಕು. ಅಷ್ಟೇ. ಪಟ್ಟಿ ಅಕ್ಕ ಬಿಡುತ್ತಾಳೆಯೇ. ಹಾಗಾದರೆ ನನ್ನ ಪಟ್ಟಿ ಏನು ಉಪ್ಪಿನಕಾಯಿ ಹಾಕುವುದಕ್ಕಾ ಎಂದು ಎಲ್ಲರೆದುರೇ ಕೇಳಿದಳು. ಮೇಷ್ಟ್ರು ನಗಲಿಲ್ಲ.

"ಪಟ್ಟಿ ಇರ್ಲಿ ಮೇಡಂ. ಆದ್ರೆ ಅದನ್ನ ಬರೆದ ದಿನ ನಿಮಗೇನು ಗೊತ್ತಿತ್ತೋ, ಅದಕ್ಕೂ ಅಷ್ಟೇ ಗೊತ್ತಿರೋದು," ಎಂದು ಟೈಮರ್ ತಿರುಗಿಸಿಬಿಟ್ಟರು.

ಗಾಬರಿಯಾದವರು ಏನು ಮಾಡುತ್ತಾರೆ? ಪಟ್ಟಿ ಅಕ್ಕನ ಜೀವನದಲ್ಲಿ ಈ ಆ್ಯಪನ್ನು ಗಾಬರಿಯಲ್ಲಿ ಬಳಸಿದವಳು ಒಬ್ಬಳೇ, ಗಂಡನ ತಂಗಿ. ಹದಿನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮಾವನವರಿಗೆ ಎದೆನೋವು ಬಂದಾಗ ಮನೆಯಲ್ಲಿದ್ದದ್ದು ಅವಳು ಮಾತ್ರ. ಬೇಡ ಬೇಡವೆಂದರೂ ಅವಳ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದವಳು ಪಟ್ಟಿ ಅಕ್ಕನೇ. ಆವತ್ತು ನಾದಿನಿ ಅಳುತ್ತ ಹೇಳಿದ್ದಿಷ್ಟು: ಕರೆದೆ, ನೋಡಿದರೆ ಹಳೇ ಮನೆಯ ವಿಳಾಸ ಇತ್ತು, ರದ್ದು ಮಾಡಿದೆ, ವಿಳಾಸ ತಿದ್ದಿ ಮತ್ತೆ ಕರೆದೆ, ಗಾಡಿ ಹೊರಟಿದೆ ಅಂತ ಬಂತು, ಕಾದೆ. ಗಾಡಿ ಬರಲೇ ಇಲ್ಲ. ಮಾವ ಉಳಿಯಲಿಲ್ಲ.

ಒಂದು ವಾರದ ಮೇಲೆ ಪಟ್ಟಿ ಅಕ್ಕ ಗಾಡಿ ಕಳಿಸುವ ಕಂಟ್ರೋಲ್ ರೂಮಿನ ದಾಖಲೆ ತೆಗೆಸಿದಳು. ಒಂದು ಕರೆ ಬಂದಿತ್ತು, ಕರೆದವರೇ ರದ್ದು ಮಾಡಿದ್ದರು. ಎರಡನೆಯ ಕರೆಯ ಸುಳಿವೇ ಇರಲಿಲ್ಲ. ಅದನ್ನು ಮನೆಯಲ್ಲಿ ಓದಿ ಹೇಳಿದವಳೂ ಅವಳೇ. ಆವತ್ತಿನಿಂದ ಗಂಡ ತಂಗಿಯ ಜೊತೆ ಮಾತು ಬಿಟ್ಟ. ನಾದಿನಿ ತಾನು ಕೆಲಸ ಮಾಡುವ ಲಾಂಡ್ರಿಯ ಹತ್ತಿರ ಬಾಡಿಗೆ ಕೋಣೆ ಹಿಡಿದು ಹೋದಳು. ಮೊದಮೊದಲು "ಒತ್ತಿದ್ದೆ ಅತ್ತಿಗೆ" ಎಂದು ವಾದಿಸುತ್ತಿದ್ದಳು. ಬರಬರುತ್ತ ವಾದ ಸೋತುಹೋಯಿತು. ಕಳೆದ ಸಲ ಸಿಕ್ಕಾಗ, ಒತ್ತಿದೆ ಅಂತ ನನಗೇ ಭ್ರಮೆಯಾಗಿರಬೇಕು ಎಂದಿದ್ದಳು. ಸದ್ಯ, ಒಪ್ಪಿಕೊಂಡಳಲ್ಲ ಎಂದು ಪಟ್ಟಿ ಅಕ್ಕನಿಗೆ ನಿರಾಳವೂ ಆಗಿತ್ತು.

ಈಗ ಚೀಟಿಯ ಕಾಟ ಮುಗಿದರೆ ಸಾಕೆಂದು ಅವಳು ನಾದಿನಿ ಹೇಳಿದ್ದನ್ನೇ ಮಾಡತೊಡಗಿದಳು. ಪರೀಕ್ಷೆಗೆಂದೇ ಇಟ್ಟಿದ್ದ ಫೋನಿನಲ್ಲಿ ಕರೆ ಒತ್ತಿದಳು. ಪಕ್ಕದಲ್ಲಿದ್ದ ನಕಲು ಕಂಟ್ರೋಲ್ ರೂಮಿನ ಪರದೆಯಲ್ಲಿ ಕರೆ ಕಾಣಿಸಿತು. ರದ್ದು ಮಾಡಿದಳು, ಅದು ಅಳಿಸಿಹೋಯಿತು. ವಿಳಾಸ ತಿದ್ದಿ ಮತ್ತೆ ಒತ್ತಿದಳು. ‘ಗಾಡಿ ಹೊರಟಿದೆ. ಹನ್ನೊಂದು ನಿಮಿಷ,’ ಎಂದಿತು ಫೋನು. ಪಕ್ಕದ ಪರದೆ ಖಾಲಿ ಇತ್ತು.

ನೆಟ್‌ವರ್ಕ್ ನಿಧಾನ ಇರಬೇಕು ಅಂದುಕೊಂಡಳು. ಕಾದಳು. ಮತ್ತೊಮ್ಮೆ ಮೊದಲಿನಿಂದ ಮಾಡಿದಳು. ಫೋನು ಗಾಡಿ ಹೊರಟಿದೆ ಎನ್ನುತ್ತಿತ್ತು, ಪರದೆ ಖಾಲಿಯಾಗಿಯೇ ಇತ್ತು. ಮೂರನೆಯ ಸಲವೂ ಅಷ್ಟೇ. ಆ್ಯಪನ್ನು ಪೂರ್ತಿ ಮುಚ್ಚಿ, ತೆರೆದು, ಕರೆದಳು. ಕರೆ ಟಣ್ಣೆಂದು ಬಂದು ಬಿತ್ತು.

ಅವಳು ಪಕ್ಕಕ್ಕಿಟ್ಟಿದ್ದ ಪಟ್ಟಿಯನ್ನು ಎಳೆದುಕೊಂಡು ತೆರೆದಳು. ಪಟ್ಟಿಯ ಮುನ್ನೂರ ಹದಿನಾರು ಪರೀಕ್ಷೆಗಳಲ್ಲೂ ಮೊದಲ ಹೆಜ್ಜೆ ಒಂದೇ: ‘ಆ್ಯಪ್ ಮುಚ್ಚಿ ಹೊಸದಾಗಿ ತೆರೆಯಿರಿ.’ ಒಂದು ಪರೀಕ್ಷೆಯ ಕೊಳೆ ಇನ್ನೊಂದಕ್ಕೆ ತಾಗಬಾರದೆಂದು ಅವಳೇ ಹಾಕಿದ್ದ ನಿಯಮ. ಕರೆಯುವುದು ಬೇರೆ ಪರೀಕ್ಷೆ, ರದ್ದು ಬೇರೆ ಪರೀಕ್ಷೆ, ಎರಡೂ ಹಸಿರು. ತಂದೆ ಕಣ್ಣೆದುರು ಒದ್ದಾಡುತ್ತಿರುವಾಗ ಯಾವ ಮಗಳು ಆ್ಯಪ್ ಮುಚ್ಚಿ ಹೊಸದಾಗಿ ತೆರೆಯುತ್ತಾಳೆ? ನಾದಿನಿ ಹೇಳಿದ್ದನ್ನು ಒಂದು ಸಲವಾದರೂ, ಬರೇ ಒಂದು ಸಲ, ಮಾಡಿ ನೋಡಬೇಕೆಂದು ತನಗೆ ಹೊಳೆದಿರಲಿಲ್ಲವಲ್ಲ. ಟೈಮರಿನಲ್ಲಿ ಇನ್ನೂ ಹದಿನಾಲ್ಕು ನಿಮಿಷ ಉಳಿದಿತ್ತು.

ಆಮೇಲಿನದು ಗದ್ದಲ. ಮ್ಯಾನೇಜರ್ ಓಡಿ ಬಂದ, ಪ್ರೋಗ್ರಾಮರ್ ಬಂದ. ಎರಡನೆಯ ಕರೆಗೆ ಆ್ಯಪ್ ಹೊಸ ನಂಬರು ಕೊಡದೆ ರದ್ದಾದ ಕರೆಯ ನಂಬರನ್ನೇ ಹಚ್ಚಿ ಕಳಿಸುತ್ತಿತ್ತು. ಇದು ಆಗಲೇ ರದ್ದಾಗಿದೆ ಎಂದುಕೊಂಡು ಕಂಟ್ರೋಲ್ ರೂಮಿನ ಕಂಪ್ಯೂಟರ್ ಅದನ್ನು ಸದ್ದಿಲ್ಲದೆ ಬಿಸಾಡುತ್ತಿತ್ತು. ಹಾಗೆ ಬಿಸಾಡಿದ್ದಕ್ಕೆ ದಾಖಲೆ ಇಲ್ಲದ್ದರಿಂದ ಇಂಥವು ಎಷ್ಟಾಗಿವೆ ಎಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಧ್ಯಾಹ್ನದೊಳಗೆ ಆ್ಯಪನ್ನು ನಿಲ್ಲಿಸಿ, ನೇರವಾಗಿ ಫೋನ್ ಮಾಡಿ ಎಂಬ ಸೂಚನೆ ಹಾಕಿದರು.

ಈ ದಾರಿ ಹೇಗೆ ಹೊಳೆಯಿತೆಂದು ಮೇಷ್ಟ್ರು ಮೆಚ್ಚುಗೆಯಿಂದಲೇ ಕೇಳಿದರು.

"ನನ್ನ ನಾದಿನಿ ಹೇಳಿದ್ಲು," ಎಂದಳು ಪಟ್ಟಿ ಅಕ್ಕ.

"ಯಾವಾಗ?"

ಅವಳು ಬ್ಯಾಗು ತೆಗೆದುಕೊಂಡು ಹೊರಟಳು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಿಸಿ ಹಬೆ ತುಂಬಿತ್ತು. ನಾದಿನಿಯ ಜೊತೆಯವಳು ಊಟಕ್ಕೆ ಹೋಗಿದ್ದಳು. ಒಗೆದ ಬೆಡ್‌ಶೀಟುಗಳು ಗುಡ್ಡೆ ಬಿದ್ದಿದ್ದವು. ಈ ಹೊತ್ತಿನಲ್ಲಿ ಯಾಕೆ ಬಂದಿರಿ ಎಂದೂ ನಾದಿನಿ ಕೇಳಲಿಲ್ಲ. ಅತ್ತಿಗೆ ಬಂದರೆ ಏನಾದರೊಂದು ಅನ್ನಿಸಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಒಂದು ಶೀಟಿನ ಎರಡು ತುದಿಗಳನ್ನು ಅತ್ತಿಗೆಯ ಕೈಗೆ ಕೊಟ್ಟು, ಇನ್ನೆರಡನ್ನು ಹಿಡಿದು ಹಿಂದಕ್ಕೆ ಸರಿದಳು. ಪಟ್ಟಿ ಅಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಮರೆತುಹೋಯಿತು.

"ನೀನು ಒತ್ತಿದ್ದೆ ಕಣೇ," ಎಂದಳು. "ಇವತ್ತು ನಾನೇ ಮಾಡಿ ನೋಡ್ದೆ. ನಿನ್ನ ಕರೆ ಅಲ್ಲಿಗೆ ಮುಟ್ಟೇ ಇಲ್ಲ. ತಪ್ಪು ನಮ್ಮದು. ನನ್ನದು."

ಅಳುತ್ತಾಳೆ, ಇಲ್ಲವೇ ಬಾಯಿಗೆ ಬಂದಂತೆ ಬಯ್ಯುತ್ತಾಳೆ, ಎರಡಕ್ಕೂ ತಯಾರಾಗಿ ಬಂದಿದ್ದಳು ಅವಳು. ನಾದಿನಿ ಎರಡನ್ನೂ ಮಾಡಲಿಲ್ಲ.

"ಮುಟ್ಟಿಲ್ಲ ಅಂತ ಆ ಆ್ಯಪ್ ಹೇಳಿದ್ರೆ ಸಾಕಿತ್ತು ಅತ್ತಿಗೆ. ಎದುರುಮನೆಯವರು ಕಾರು ತರ್ತೀನಿ ಅಂದ್ರು. ಬೇಡ, ಗಾಡಿ ಹೊರಟಿದೆ ಅಂತ ನಾನೇ ಕಳಿಸಿಬಿಟ್ಟೆ."

ಈ ಕಾರಿನ ಮಾತು ಪಟ್ಟಿ ಅಕ್ಕ ಕೇಳಿರಲೇ ಇಲ್ಲ. ಮೊದಲ ಮಾತನ್ನೇ ನಂಬದವರಿಗೆ ಎರಡನೆಯದನ್ನು ಯಾರು ತಾನೇ ಹೇಳುತ್ತಾರೆ. ಹದಿನಾಲ್ಕು ತಿಂಗಳು ಈ ಹುಡುಗಿ ಅದನ್ನು ಒಬ್ಬಳೇ ನುಂಗಿಕೊಂಡು ಇಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಅಣ್ಣಂಗೆ ಫೋನ್ ಮಾಡಿ," ಎಂದಳು ನಾದಿನಿ.

ಸಂಜೆ ಮನೆಯಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳುತ್ತೇನೆ ಎಂದು ಪಟ್ಟಿ ಅಕ್ಕ ಏನೋ ಶುರುಮಾಡಿದಳು.

"ಈಗ. ನನ್ನೆದುರಿಗೆ."

ಪಟ್ಟಿ ಅಕ್ಕ ತನ್ನ ಕಡೆಯ ಎರಡೂ ತುದಿಗಳನ್ನು ಒಂದೇ ಮುಷ್ಟಿಗೆ ಸೇರಿಸಿಕೊಂಡು, ಇನ್ನೊಂದು ಕೈಯಿಂದ ಗಂಡನ ನಂಬರು ಒತ್ತಿ ಸ್ಪೀಕರ್ ಹಾಕಿದಳು. ರಿಂಗಾಗುತ್ತಿತ್ತು. ಮಧ್ಯೆ ಶೀಟು ಜೋತುಬಿದ್ದು ನೆಲಕ್ಕೆ ತಾಗುವಂತಾಗಿತ್ತು.

"ಹಲೋ, ಏನು ಈ ಹೊತ್ತಲ್ಲಿ?" ಎಂದ ಗಂಡ.

ಅಣ್ಣನ ದನಿ ಕೇಳಿ ಒಂದು ವರ್ಷದ ಮೇಲಾಗಿತ್ತು. ನಾದಿನಿ ಕಣ್ಣು ಮುಚ್ಚಿಕೊಂಡಳು. ತುದಿ ಮಾತ್ರ ಬಿಡಲಿಲ್ಲ, ಒಂದು ಹೆಜ್ಜೆ ಹಿಂದಕ್ಕೆ ಸರಿದು ಶೀಟನ್ನು ನೆಲದಿಂದ ಮೇಲಕ್ಕೆ ಎಳೆದು ಹಿಡಿದಳು.